ಕದಡಿದ ಮಣ್ಣನ್ನು ಓದುವುದು

ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ‘ಉತ್ಖನನ’ ಎಂಬ ಪದ ಎಷ್ಟು ಓಡಾಡಿದೆಯೆಂದರೆ ಅದರಲ್ಲೀಗ ಮಣ್ಣಿನ ವಾಸನೆಯೇ ಉಳಿದಿಲ್ಲ. ಕವಿ ನೆನಪಿನ ಉತ್ಖನನ ಮಾಡುತ್ತಾನೆ, ಕಾದಂಬರಿಕಾರ್ತಿ ಹೂತುಹೋದ ಚರಿತ್ರೆಯನ್ನು ಅಗೆದು ತೆಗೆಯುತ್ತಾಳೆ. ಮುನ್ನುಡಿ, ಬೆನ್ನುಡಿಗಳಲ್ಲಿ ಇಂಥ ಮಾತು ನಾನೂ ಬರೆದಿದ್ದೇನೆ, ನೀವೂ ಓದಿದ್ದೀರಿ. ಈ ರೂಪಕದಲ್ಲಿ ಒಂದು ಹಂತ ಮಾತ್ರ ಯಾವಾಗಲೂ ಬಿಟ್ಟುಹೋಗುತ್ತದೆ. ಅಗೆಯುವವರಿಗೆ ಎಲ್ಲಿ ಅಗೆಯಬೇಕು ಎಂದು ಹೇಗೆ ಗೊತ್ತಾಯಿತು? ಗುದ್ದಲಿ ಬೀಳುವ ಮೊದಲು ನೆಲವನ್ನು ಓದಿದವರು ಯಾರು, ಓದಿದಾಗ ಅವರಿಗೆ ಕಂಡದ್ದೇನು?

ಈ ಪ್ರಶ್ನೆ ನನ್ನಲ್ಲಿ ಎದ್ದದ್ದು ಒಂದೇ ನೆಲದ ಬಗ್ಗೆ ಬಂದ ಎರಡು ಪುಸ್ತಕಗಳನ್ನು ಒಂದರ ಹಿಂದೊಂದು ಓದಿದಾಗ. ಮೊದಲನೆಯದು ಕೋಲ್ಸನ್ ವೈಟ್‌ಹೆಡ್ ಅವರ ಕಾದಂಬರಿ ‘ದಿ ನಿಕಲ್ ಬಾಯ್ಸ್’. 2019ರಲ್ಲಿ ಬಂದ ಇದಕ್ಕೆ ಮರುವರ್ಷ ಪುಲಿಟ್ಜರ್ ಸಿಕ್ಕಿತು. ಎರಡನೆಯದು ವಿಧಿವಿಜ್ಞಾನದ ಮಾನವಶಾಸ್ತ್ರಜ್ಞೆ ಎರಿನ್ ಕಿಮ್ಮರ್ಲಿ 2022ರಲ್ಲಿ ಪ್ರಕಟಿಸಿದ ‘ವಿ ಕ್ಯಾರಿ ದೇರ್ ಬೋನ್ಸ್’. ಕಾದಂಬರಿಯ ಕೊನೆಯ ತಿರುವನ್ನು ಹೇಳದೆ ನನ್ನ ಮಾತು ಮುಂದಕ್ಕೆ ಹೋಗುವುದಿಲ್ಲ. ಓದಬೇಕೆಂದಿರುವವರು ಇಲ್ಲಿಯೇ ನಿಂತು, ಓದಿ ಬಂದರೆ ಒಳ್ಳೆಯದು.

ನೆಲ ಅಮೆರಿಕದ ಫ್ಲಾರಿಡಾ ರಾಜ್ಯದ ಮರಿಯಾನಾ ಎಂಬ ಸಣ್ಣ ಪಟ್ಟಣದ್ದು. 1900ರಲ್ಲಿ ಅಲ್ಲಿ ಹುಡುಗರ ಸುಧಾರಣಾ ಶಾಲೆಯೊಂದು ಶುರುವಾಯಿತು. ಹಲವು ಹೆಸರು ಬದಲಾಗಿ ಕೊನೆಗೆ ಆರ್ಥರ್ ಜಿ. ಡೋಜಿಯರ್ ಶಾಲೆ ಎನಿಸಿಕೊಂಡಿತು. ಮುಚ್ಚಿದ್ದು 2011ರಲ್ಲಿ. ಕಳ್ಳತನ ಮಾಡಿದವರ ಜೊತೆಗೆ ಶಾಲೆ ತಪ್ಪಿಸಿದವರು, ಮನೆ ಬಿಟ್ಟು ಓಡಿದವರು, ಏನೂ ಮಾಡದ ಅನಾಥರು ಕೂಡ ಅಲ್ಲಿ ಬಂದು ಬೀಳುತ್ತಿದ್ದರು. 1968ರವರೆಗೆ ಬಿಳಿಯ ಹುಡುಗರಿಗೆ ಒಂದು ಆವರಣ, ಕಪ್ಪು ಹುಡುಗರಿಗೆ ಇನ್ನೊಂದು. ಹೊಡೆಯಲೆಂದೇ ಇದ್ದ ಕಟ್ಟಡಕ್ಕೆ ಹುಡುಗರು ಇಟ್ಟ ಹೆಸರು ‘ವೈಟ್ ಹೌಸ್’. ಕಪ್ಪು ಹುಡುಗರ ಕಡೆಯ ಒಂದು ದಿಬ್ಬದ ಮೇಲೆ, ಬೂಟ್ ಹಿಲ್ ಎಂಬಲ್ಲಿ, ಬಿಳಿ ಬಣ್ಣ ಬಳಿದ ಕಬ್ಬಿಣದ ಪೈಪಿನ 31 ಶಿಲುಬೆಗಳು ಸಾಲಾಗಿ ನಿಂತಿದ್ದವು. ಯಾವುದರ ಮೇಲೂ ಹೆಸರಿರಲಿಲ್ಲ. ಅವು ಸಮಾಧಿಗಳ ಮೇಲೆ ನೆಟ್ಟವೂ ಅಲ್ಲ. ಎಷ್ಟೋ ಕಾಲದ ನಂತರ ಯಾರೋ ಅಂದಾಜಿನ ಮೇಲೆ ಸಾಲು ಹಿಡಿದು ನಿಲ್ಲಿಸಿದ್ದವು.

ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಕಿಮ್ಮರ್ಲಿ ತಂಡ ಇಲ್ಲಿಗೆ ಬಂದದ್ದು 2012ರಲ್ಲಿ. ಪೊದೆ ಕಡಿದು, ನೆಲವನ್ನು ಚೌಕಚೌಕವಾಗಿ ಅಳೆದು, ಹುಲ್ಲು ಕತ್ತರಿಸುವ ಗಾಡಿಯ ಹಾಗೆ ತಳ್ಳಿಕೊಂಡು ಹೋಗುವ ರಾಡಾರನ್ನು ಗೆರೆ ಗೆರೆಯಾಗಿ ಓಡಿಸಿದರು. ನಾವೀಗ ಜಿಪಿಆರ್ ಎನ್ನುವ ಉಪಕರಣ ಇದೇ.

ಇದು ಮಾಡುವುದಿಷ್ಟು. ರೇಡಿಯೊ ಅಲೆಯನ್ನು ನೆಲದೊಳಕ್ಕೆ ಕಳಿಸುತ್ತದೆ. ಒಳಗೆ ಮಣ್ಣಿನ ಗುಣ ಬದಲಾದಲ್ಲಿ ಅಲೆಯ ಒಂದು ಪಾಲು ಹಿಂದಿರುಗುತ್ತದೆ, ಎಷ್ಟು ಹೊತ್ತಿಗೆ ಹಿಂದಿರುಗಿತು ಎಂಬುದರಿಂದ ಆಳ ತಿಳಿಯುತ್ತದೆ. ಮೂಳೆ ಇದಕ್ಕೆ ಕಾಣುವುದು ಬಹಳ ಕಡಿಮೆ. ಕಾಣುವುದು ಹೆಚ್ಚಾಗಿ ಕುಣಿ, ಅಂದರೆ ಅಗೆದು ಮತ್ತೆ ಮುಚ್ಚಿದ ಗುಂಡಿಯ ಅಂಚು. ಒಮ್ಮೆ ಮೇಲೆತ್ತಿದ ಮಣ್ಣನ್ನು ಎಷ್ಟೇ ತುಳಿದು ತುಂಬಿದರೂ ಅದು ಮೊದಲಿನ ಹಾಗೆ ಕೂರುವುದಿಲ್ಲ. ತೆಂಗಿನ ಸಸಿಗೆ ತೋಡಿದ ಗುಂಡಿ ಎರಡು ಮಳೆಗೆ ತಗ್ಗಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ಅಲ್ಲಿ ಬೇರೆ ರೀತಿ ಇಳಿಯುತ್ತದೆ, ಹುಲ್ಲು ಬೇರೆ ಬಣ್ಣದಲ್ಲಿ ಬೆಳೆಯುತ್ತದೆ. ಉತ್ತರ ಕರ್ನಾಟಕದ ಹಳೆಯ ಊರೊಂದರ ಬಯಲಲ್ಲಿ ಇದೇ ಯಂತ್ರವನ್ನು ಓಡಿಸಿದರೆ ಕುಣಿಯ ಜೊತೆಗೆ ಜೋಳ ತುಂಬಿಡುತ್ತಿದ್ದ ಹಗೇವೂ ಸಿಕ್ಕೀತು. ಕಾಳಿಗಾಗಿ ಅಗೆದದ್ದೋ ಕೂಸಿಗಾಗಿ ಅಗೆದದ್ದೋ ಎಂದು ಯಂತ್ರ ಹೇಳುವುದಿಲ್ಲ. ‘ಇಲ್ಲಿ ಮಣ್ಣು ಕದಡಿದೆ’ ಎಂಬುದಷ್ಟೇ ಅದರ ವಾಕ್ಯ. ಕರ್ತೃ ಇಲ್ಲ, ಕಾಲ ಇಲ್ಲ.

ಈ ತಜ್ಞರು ಪರದೆಯ ಮೇಲೆ ಕಂಡದ್ದಕ್ಕೆ ಇಟ್ಟಿರುವ ಹೆಸರು ‘ಅನಾಮಲಿ’. ಕನ್ನಡದ ವರದಿಗಳಲ್ಲಿ ಇದನ್ನು ‘ಅಸಹಜತೆ’ ಎಂದು ಬರೆಯುವುದನ್ನು ನೋಡಿದ್ದೇನೆ. ಅಸಹಜ ಎಂದ ಕೂಡಲೇ ನಮ್ಮ ಕಿವಿಯಲ್ಲಿ ‘ಅಸಹಜ ಸಾವು’ ಮೊಳಗುತ್ತದೆ, ಪೊಲೀಸ್ ಠಾಣೆ ಬಂದು ನಿಲ್ಲುತ್ತದೆ. ‘ವ್ಯತ್ಯಾಸ’ ಎಂದರೆ ಸಾಕು. ಸುತ್ತಲಿನ ಮಣ್ಣಿಗಿಂತ ಇದು ಬೇರೆ ಎಂದಷ್ಟೇ ಅರ್ಥ. ಅನುವಾದದ ಈ ಸಣ್ಣ ಆಯ್ಕೆಯಲ್ಲಿ ದೊಡ್ಡ ಅನಾಹುತಗಳಿಗೆ ಜಾಗವಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಸಮೀಕ್ಷೆಯಿಂದ ಸುಮಾರು 50 ಕುಣಿಗಳ ಅಂದಾಜು ಸಿಕ್ಕಿತು. ಅಗೆಯಲು ಅನುಮತಿ ಸಿಗುವುದೇ ಒಂದು ಪುರಾಣವಾಯಿತು. ರಾಜ್ಯದ ಅಧಿಕಾರಿಗಳು ತಮಗೆ ಅಧಿಕಾರವಿಲ್ಲವೆಂದರು, ಊರಿನ ಕೆಲವರು ಪಟ್ಟಣದ ಹೆಸರು ಕೆಡುತ್ತದೆಂದರು. ಕೊನೆಗೆ 2013ರ ಆಗಸ್ಟಿನಲ್ಲಿ ರಾಜ್ಯಪಾಲರು ಮತ್ತು ಅವರ ಸಂಪುಟ ಒಪ್ಪಿದ ಮೇಲೆ ಕೆಲಸ ಶುರುವಾಯಿತು. ಸಿಕ್ಕಿದ್ದು 55 ಸಮಾಧಿ. ಶಿಲುಬೆಗಳಿದ್ದ ಜಾಗದೊಳಗೆ ಇದ್ದದ್ದು ಬರೇ 13. ಉಳಿದವು ಆಚೆಯ ಕಾಡಿನಲ್ಲಿ, ಪೊದೆಗಳಡಿ, ಒಂದು ದೊಡ್ಡ ಹಿಪ್ಪುನೇರಳೆ ಮರದ ಕೆಳಗೆ, ಜನ ವಾಹನ ಓಡಿಸುತ್ತಿದ್ದ ದಾರಿಯ ಅಡಿಯಲ್ಲಿ.

ಈಗ ಕಾದಂಬರಿಗೆ ಬರೋಣ. ವೈಟ್‌ಹೆಡ್ ಈ ಸುದ್ದಿಯನ್ನು ಮೊದಲು ಓದಿದ್ದು 2014ರಲ್ಲಿ, ‘ಟ್ಯಾಂಪಾ ಬೇ ಟೈಮ್ಸ್’ ಪತ್ರಿಕೆಯಲ್ಲಿ. ಡೋಜಿಯರ್ ಅವರ ಕಾದಂಬರಿಯಲ್ಲಿ ನಿಕಲ್ ಅಕಾಡೆಮಿ ಆಗಿದೆ. ಪೀಠಿಕೆಯಲ್ಲೇ ಪುರಾತತ್ವದ ವಿದ್ಯಾರ್ಥಿಗಳು ಬರುತ್ತಾರೆ. ಶಾಲೆಯ ಜಾಗದಲ್ಲಿ ಕಚೇರಿಗಳ ಸಂಕೀರ್ಣ ಕಟ್ಟಬೇಕೆಂದಿರುವ ಕಂಪನಿ, ಅದಕ್ಕೆ ಬೇಕಾದ ಪರಿಸರ ಪರೀಕ್ಷೆ, ನಡುವೆ ಅಧಿಕೃತ ಸ್ಮಶಾನದ ಹೊರಗೆ ಪತ್ತೆಯಾಗುವ ಇನ್ನೊಂದು ಗುಟ್ಟಿನ ಸ್ಮಶಾನ. ಸತ್ತ ಹುಡುಗರು ಈಗ ರಿಯಲ್ ಎಸ್ಟೇಟಿಗೆ ತೊಡಕು. ಈ ಕೆಲವೇ ಪುಟಗಳ ವ್ಯಂಗ್ಯದ ಚುರುಕು ಮೆಚ್ಚುವಂಥದ್ದು.

ನನ್ನ ತಕರಾರಿರುವುದು ಆ ಪುಟಗಳಲ್ಲಿ ಮೂಳೆಗಳು ಮಾತಾಡುವ ರೀತಿಯ ಬಗ್ಗೆ. ಗುಟ್ಟಿನ ಸ್ಮಶಾನದಿಂದ ಬಂದ ತಲೆಬುರುಡೆಗಳು ಬಿರಿದಿವೆ, ಪಕ್ಕೆಲುಬುಗಳಲ್ಲಿ ಗುಂಡಿನ ಚೂರುಗಳಿವೆ. ಮುಂದೆ ಗ್ರಿಫ್ ಎಂಬ ಕುಸ್ತಿಪಟುವಿನಂಥ ಹುಡುಗನ ಪ್ರಸಂಗ ಬರುತ್ತದೆ. ಬಾಕ್ಸಿಂಗ್ ಪಂದ್ಯವನ್ನು ಬೇಕೆಂದೇ ಸೋಲಬೇಕೆಂಬ ಆಜ್ಞೆಯನ್ನು ಮೀರಿ ಅವನು ಗೆದ್ದುಬಿಡುತ್ತಾನೆ. ರಾತ್ರಿ ಅವನನ್ನು ಕಬ್ಬಿಣದ ಬಳೆ ಬಡಿದ ಓಕ್ ಮರಗಳ ಹತ್ತಿರ ಕರೆದೊಯ್ಯುತ್ತಾರೆ. ಅವನು ಓಡಿಹೋದ ಎಂಬುದು ಶಾಲೆಯ ಕಥೆ. ಐವತ್ತು ವರ್ಷದ ಮೇಲೆ ಅವನ ಮೂಳೆ ಹೊರಬಂದಾಗ ಮಣಿಕಟ್ಟು ಮುರಿದಿರುವುದನ್ನು ಪರೀಕ್ಷಕರು ಗುರುತಿಸುತ್ತಾರೆ. ಮರದ ಬಳೆ, ಮುರಿದ ಮಣಿಕಟ್ಟು. ಬೀಗಕ್ಕೆ ಬೀಗದಕೈ ಸರಿಯಾಗಿ ಕೂತ ಹಾಗೆ.

ಮರಿಯಾನಾದ ಕೆಂಪು ಜೇಡಿಮಣ್ಣು ಇಷ್ಟು ಉದಾರಿಯಾಗಿರಲಿಲ್ಲ. 55 ಕುಣಿಗಳಿಂದ 51 ಜನರ ಅವಶೇಷ ಸಿಕ್ಕಿತು. ಎಷ್ಟೋ ಕಡೆ ಉಳಿದಿದ್ದದ್ದು ಹಲ್ಲು, ಮೂಳೆಯ ತುಣುಕು, ಪೆಟ್ಟಿಗೆಯ ಹಿಡಿಕೆ, ಮೊಳೆ, ಗುಂಡಿ, ಬೆಲ್ಟಿನ ಬಕಲ್. ಒಂದು ಕಡೆ ಸೀಸದ ಚಿಕ್ಕ ಗುಂಡು ಸಿಕ್ಕಿದ್ದು ನಿಜ. ಆದರೆ ಹೆಚ್ಚಿನವರು ಹೇಗೆ ಸತ್ತರು ಎಂಬುದನ್ನು ಮೂಳೆ ಹೇಳಲಿಲ್ಲ. 2016ರ ಜನವರಿಯ ಅಂತಿಮ ವರದಿಯ ಹೊತ್ತಿಗೆ ಡಿಎನ್‌ಎಯಿಂದ ಗುರುತು ಸಿಕ್ಕವರು 7 ಜನ, ಇತರ ಆಧಾರಗಳಿಂದ ಅಂದಾಜಿಸಿದವರು 14.

ಕಾದಂಬರಿಗೆ ಕಲ್ಪಿಸುವ ಹಕ್ಕಿಲ್ಲವೇ ಎಂದು ಕೇಳುತ್ತೀರಿ. ಇದೆ, ಅದನ್ನು ಯಾರೂ ಕಿತ್ತುಕೊಳ್ಳಬಾರದು. ನಾನು ಹೇಳುತ್ತಿರುವುದು ಬೇರೆ. ಮೂಳೆ ಮುರಿದಿದ್ದರೆ ಮಾತ್ರ ಅಪರಾಧ ಸಾಬೀತು ಎಂಬ ತರ್ಕವನ್ನು ಪೀಠಿಕೆ ಓದುಗನ ಕೈಗೆ ಕೊಡುತ್ತದೆ. ಹಾಗಾದರೆ ಥಾಮಸ್ ವಾರ್ನಡೋನನ್ನು ಏನು ಮಾಡುವುದು? 13 ವರ್ಷದ ಈ ಹುಡುಗ 1934ರಲ್ಲಿ ಅಣ್ಣನ ಜೊತೆ ಶಾಲೆಗೆ ಬಂದ, ಒಂದು ತಿಂಗಳು ಕಳೆಯುತ್ತಲೇ ಸತ್ತ. ದಾಖಲೆಯಲ್ಲಿ ಕಾರಣ ನ್ಯುಮೋನಿಯಾ. 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತ ಹುಡುಗರಿದ್ದಾರೆ, 1914ರಲ್ಲಿ ವಸತಿಗೃಹಕ್ಕೆ ಬೆಂಕಿ ಬಿದ್ದಾಗ ಸತ್ತವರಿದ್ದಾರೆ. ಹಸಿವು, ಚಳಿ, ಔಷಧಿ ಕೊಡದೆ ಹೋದದ್ದು ಪಕ್ಕೆಲುಬಿನ ಮೇಲೆ ಬರೆದಿರುವುದಿಲ್ಲ. ಒಂದು ಸಂಸ್ಥೆ ಮಕ್ಕಳನ್ನು ಸಾಯಲು ಬಿಡುವುದಕ್ಕೆ ಬಂದೂಕು ಬೇಕಾಗಿಲ್ಲ. ವೈಟ್‌ಹೆಡ್ ಇದನ್ನು ಬಲ್ಲವರು. ಅವರ ಪುಸ್ತಕದ ನಡುಭಾಗದಲ್ಲಿ ಹುಡುಗರ ಪಾಲಿನ ದಿನಸಿಯನ್ನು ಊರಿನ ಅಂಗಡಿ, ಹೋಟೆಲುಗಳಿಗೆ ಮಾರಿಬಿಡುವ ದೃಶ್ಯಗಳು ಇದನ್ನೇ ಹೇಳುತ್ತವೆ, ಅದೂ ಬಹಳ ತಣ್ಣಗೆ. ಪೀಠಿಕೆ ಮಾತ್ರ ನ್ಯಾಯಾಲಯದ ಭಾಷೆಗೆ ಜಾರಿದೆ.

ಇದರ ಮೇಲೆ ವಾಸ್ತವ ಒಂದು ವಿಚಿತ್ರ ಟಿಪ್ಪಣಿ ಬರೆಯಿತು. 2019ರ ವಸಂತದಲ್ಲಿ, ಕಾದಂಬರಿ ಅಂಗಡಿಗೆ ಬರಲು ಇನ್ನೂ ಕೆಲವು ತಿಂಗಳಿರುವಾಗ, ಡೋಜಿಯರ್ ಆವರಣದಲ್ಲಿ ಹಳೆಯ ಇಂಧನ ಟ್ಯಾಂಕಿನ ಮಾಲಿನ್ಯ ತೆಗೆಯುವ ಕೆಲಸ ನಡೆಯುತ್ತಿತ್ತು. ಅದಕ್ಕಾಗಿ ರಾಡಾರ್ ಓಡಿಸಿದಾಗ ಬೂಟ್ ಹಿಲ್‌ನಿಂದ ಸ್ವಲ್ಪ ದೂರದಲ್ಲಿ 27 ವ್ಯತ್ಯಾಸಗಳು ಕಂಡವು. ಸಮಾಧಿಗಳಿರಬಹುದು ಎಂದಿತು ವರದಿ. ಪರಿಸರ ಪರೀಕ್ಷೆ, ಅಧಿಕೃತ ಸ್ಮಶಾನದ ಹೊರಗೆ ಇನ್ನೊಂದು ಸ್ಮಶಾನ. ವೈಟ್‌ಹೆಡ್ ಬರೆದು ಮುಗಿಸಿದ ಪೀಠಿಕೆಯೇ ಭೂಮಿಯಿಂದ ಎದ್ದು ಬಂದಂತಿತ್ತು. ಸುದ್ದಿಯ ಶೀರ್ಷಿಕೆಗಳಲ್ಲಿ ‘ಇರಬಹುದು’ ಎಂಬುದು ದಿನದಿನಕ್ಕೆ ಸಣ್ಣದಾಯಿತು. ಆಮೇಲೆ ಕಿಮ್ಮರ್ಲಿ ತಂಡವೇ ಹೋಗಿ ಅಗೆದು ನೋಡಿತು. ಸಮಾಧಿಗಳಿರಲಿಲ್ಲ, ಮರದ ಬೇರುಗಳಿದ್ದವು.

ಅದೇ ನೆಲ, ಅದೇ ಬಗೆಯ ಯಂತ್ರ. 2012ರಲ್ಲಿ ಅದರ ಅಂದಾಜು ಬಹಳ ಹತ್ತಿರ ಬಂತು, 2019ರಲ್ಲಿ ಅದು ಬೇರು ತೋರಿಸಿತು. ಯಂತ್ರ ಎರಡು ಸಲವೂ ಹೇಳಿದ್ದು ಒಂದೇ ಮಾತು, ಇಲ್ಲಿ ಮಣ್ಣು ಬೇರೆ ಇದೆ ಎಂದು. ಮೊದಲ ಸಲ ಆ ಮಾತಿನ ಪಕ್ಕದಲ್ಲಿ ಶಾಲೆಯ ದಾಖಲೆಪುಸ್ತಕಗಳಿದ್ದವು, ಬದುಕುಳಿದವರ ನೆನಪಿತ್ತು, ಮೇಲ್ಮಣ್ಣು ತೆಗೆದು ಕೆಂಪು ಜೇಡಿಯಲ್ಲಿ ಕುಣಿಯ ಬಣ್ಣ ಹುಡುಕಿದವರ ಕಣ್ಣಿತ್ತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಕಷ್ಟ. ಹಸ್ತಪ್ರತಿಯ ಒಂದು ಪ್ರತಿಯಲ್ಲಿ ಪಾಠ ಕೆಟ್ಟಿದೆ ಎಂದು ಗುರುತಿಸುವುದು ಒಂದು ಕೆಲಸ, ಅಲ್ಲಿ ಮೂಲದಲ್ಲಿ ಏನಿತ್ತು ಎಂದು ಹೇಳುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿದವನು ಎರಡನೆಯದನ್ನೂ ಮಾಡಿಬಿಟ್ಟೆ ಎಂದುಕೊಂಡರೆ ಸಂಪಾದನೆ ಹಾಳು.

ಓದುವುದರಲ್ಲಿನ ಅವಸರಕ್ಕೆ ಬೆಲೆ ತೆರುವವರು ಸತ್ತವರ ಕಡೆಯವರೇ. ಕೆನಡಾದ ಕ್ಯಾಮ್ಲೂಪ್ಸ್‌ನಲ್ಲಿ 2021ರ ಮೇ ತಿಂಗಳಲ್ಲಿ, ಮೂಲನಿವಾಸಿ ಮಕ್ಕಳ ಹಳೆಯ ವಸತಿಶಾಲೆಯ ಬಳಿ ರಾಡಾರ್ ಸಮೀಕ್ಷೆಯ ನಂತರ 215 ಎಂಬ ಸಂಖ್ಯೆ ಹೊರಬಂತು. ಎರಡೇ ತಿಂಗಳಲ್ಲಿ ಸಮೀಕ್ಷೆ ಮಾಡಿದ ತಜ್ಞೆಯೇ ಅದನ್ನು 200 ‘ಸಂಭಾವ್ಯ’ ಸಮಾಧಿಗಳು ಎಂದು ತಿದ್ದಿದರು. ಅಷ್ಟರಲ್ಲಿ ಜಗತ್ತಿನ ಪತ್ರಿಕೆಗಳು ‘ಸಾಮೂಹಿಕ ಗೋರಿ’ ಎಂದು ಬರೆದಾಗಿತ್ತು. ಮುಂದೆ ಇದನ್ನೇ ಹಿಡಿದು ಇನ್ನೊಂದು ಗುಂಪು, ಮಕ್ಕಳು ಸತ್ತದ್ದೇ ಸುಳ್ಳು ಎನ್ನುವವರೆಗೆ ಹೋಯಿತು. ಆ ದೇಶದ ಸತ್ಯಶೋಧನಾ ಆಯೋಗ 2015ರಲ್ಲೇ ಇಂಥ ಶಾಲೆಗಳಲ್ಲಿ 3,200ಕ್ಕೂ ಹೆಚ್ಚು ಸಾವುಗಳನ್ನು ದಾಖಲೆಗಳಿಂದ ಪಟ್ಟಿ ಮಾಡಿತ್ತು. ಕಾಗದದಲ್ಲಿ ಸಾಬೀತಾದ ಸಾವು ಈಗ ರಾಡಾರಿನ ಗೆರೆಯನ್ನು ಅವಲಂಬಿಸಬೇಕಾಯಿತು. ನಮ್ಮಲ್ಲೂ 2025ರ ಆಗಸ್ಟಿನಲ್ಲಿ, ಧರ್ಮಸ್ಥಳ ಪ್ರಕರಣದ ತನಿಖೆಯ ವೇಳೆ ವಿಶೇಷ ತನಿಖಾ ತಂಡ ಡ್ರೋನಿಗೆ ಕಟ್ಟಿದ ಜಿಪಿಆರ್ ಬಳಸಿತು. ಆ ಪ್ರಕರಣದ ಸತ್ಯಾಸತ್ಯ ಈ ಬರಹದ ವಿಷಯವಲ್ಲ. ನನ್ನ ಕಿವಿಯಲ್ಲಿ ಉಳಿದದ್ದು ಆ ವಾರ ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಕೇಳಿದ ಎರಡು ವಾಕ್ಯ. ‘ಮಷೀನ್ ಬಂದ್ರೆ ಎಲ್ಲಾ ಕಾಣುತ್ತೆ ಬಿಡಿ’ ಎಂಬುದು ಒಂದು. ‘ಮಷೀನಿಗೇ ಕಾಣ್ಲಿಲ್ಲ ಅಂದ್ಮೇಲೆ ಮುಗೀತಲ್ಲ’ ಎಂಬುದು ಇನ್ನೊಂದು. ಎರಡೂ ಪಕ್ಷದವರಿಗೆ ಯಂತ್ರದ ಮೇಲೆ ಒಂದೇ ಪ್ರಮಾಣದ ಭಕ್ತಿ.

ವೈಟ್‌ಹೆಡ್ ಅವರ ಪೀಠಿಕೆಯ ಬಗ್ಗೆ ಇಷ್ಟು ದೂರು ಹೇಳಿದ ಮೇಲೆ ಅವರ ಕೊನೆಯ ಅಧ್ಯಾಯಗಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಎಲ್‌ವುಡ್ ಕರ್ಟಿಸ್ ಎಂಬ ಓದಾಳಿ ಹುಡುಗ, ಮಾರ್ಟಿನ್ ಲೂಥರ್ ಕಿಂಗ್ ಭಾಷಣದ ಧ್ವನಿಮುದ್ರಿಕೆ ಕೇಳಿ ಬೆಳೆದವನು. ಕಾಲೇಜಿಗೆ ಹೋಗುತ್ತ ಗೊತ್ತಿಲ್ಲದೆ ಕದ್ದ ಕಾರು ಹತ್ತಿದ್ದಕ್ಕೆ ನಿಕಲ್‌ಗೆ ಬಂದು ಬೀಳುತ್ತಾನೆ. ಅಲ್ಲಿ ಅವನ ಗೆಳೆಯ ಟರ್ನರ್. ನಡುನಡುವೆ ನ್ಯೂಯಾರ್ಕಿನಲ್ಲಿ ನೆಲೆಸಿದ, ವಯಸ್ಸಾಗುತ್ತಿರುವ ಎಲ್‌ವುಡ್ ಕರ್ಟಿಸ್‌ನನ್ನು ನಾವು ನೋಡುತ್ತಿರುತ್ತೇವೆ. ಹುಡುಗ ಬದುಕಿ ಬಂದ ಎಂಬ ನೆಮ್ಮದಿಯಲ್ಲಿ ಓದುತ್ತೇವೆ. ಕೊನೆಗೆ ತಿಳಿಯುತ್ತದೆ, ಓಡಿಹೋಗುವಾಗ ಗುಂಡಿಗೆ ಬಿದ್ದವನು ಎಲ್‌ವುಡ್. ತಪ್ಪಿಸಿಕೊಂಡ ಟರ್ನರ್ ಆ ಹೆಸರನ್ನು ಹೊತ್ತು ಬದುಕಿದ್ದಾನೆ. ಮೂಳೆ ಫ್ಲಾರಿಡಾದ ಮಣ್ಣಿನಲ್ಲಿ, ಹೆಸರು ನ್ಯೂಯಾರ್ಕಿನ ಬೀದಿಯಲ್ಲಿ.

ಎರಡನೇ ಸಲ ಓದುವಾಗ ನನಗೆ ಕಂಡದ್ದು, ವೈಟ್‌ಹೆಡ್ ನ್ಯೂಯಾರ್ಕಿನ ಆ ಅಧ್ಯಾಯಗಳುದ್ದಕ್ಕೂ ವ್ಯತ್ಯಾಸಗಳನ್ನು ಮಾತ್ರ ತೋರಿಸುತ್ತ ಬಂದಿದ್ದಾರೆ ಎಂಬುದು. ಈ ನಡುವಯಸ್ಸಿನ ಎಲ್‌ವುಡ್‌ನ ಮಾತಿನ ಧಾಟಿ ಹುಡುಗ ಎಲ್‌ವುಡ್‌ನದಲ್ಲ. ಆ ಭೋಳೇತನ ಎಲ್ಲಿ ಹೋಯಿತು, ಈ ಅಡ್ಡಮಾತಿನ ಚಾಲಾಕಿ ಎಲ್ಲಿಂದ ಬಂತು? ಮೊದಲ ಓದಿಗೆ ಕಷ್ಟಪಟ್ಟವನು ಬದಲಾಗಿದ್ದಾನೆ ಎಂದುಕೊಂಡು ಮುಂದೆ ಹೋಗುತ್ತೇವೆ. ಮಣ್ಣು ಕದಡಿರುವುದು ಕಾಣುತ್ತಿದ್ದರೂ ಅದರ ಅರ್ಥವನ್ನು ನಾವೇ ತಪ್ಪಾಗಿ ತುಂಬಿಕೊಂಡಿರುತ್ತೇವೆ. ಪೀಠಿಕೆಯ ಮೂಳೆಗಳಿಗಿಂತ ಇದು ಎಷ್ಟೋ ಸೂಕ್ಷ್ಮ, ಎಷ್ಟೋ ಪ್ರಾಮಾಣಿಕ. ರಮೆಲ್ ರಾಸ್ ನಿರ್ದೇಶಿಸಿದ 2024ರ ಸಿನಿಮಾ ಇದನ್ನು ಚೆನ್ನಾಗಿ ಹಿಡಿದಿದೆ. ಇಡೀ ಚಿತ್ರ ಪಾತ್ರಗಳ ಕಣ್ಣಿನಿಂದಲೇ ನೋಡುತ್ತದೆ, ದೊಡ್ಡವನಾದ ಎಲ್‌ವುಡ್‌ನನ್ನು ಮಾತ್ರ ಅವನ ತಲೆಯ ಹಿಂದಿನಿಂದ.

ಹೆಸರೊಂದು ಕಡೆ, ದೇಹ ಇನ್ನೊಂದು ಕಡೆ ಎಂಬುದು ಕಾದಂಬರಿಕಾರನ ಕುಶಲತೆ ಅನ್ನಿಸಿದವರು ಥಾಮಸ್ ಕರಿಯ ಕಥೆ ಕೇಳಬೇಕು. ಡೋಜಿಯರ್‌ನಿಂದ ಓಡಿಹೋದ ಈ ಹುಡುಗ 1925ರಲ್ಲಿ ತಲೆ ಜಜ್ಜಿದ ಸ್ಥಿತಿಯಲ್ಲಿ ಸತ್ತು ಸಿಕ್ಕಿದ. ಶವಪೆಟ್ಟಿಗೆಯನ್ನು ಅವನ ಊರಾದ ಫಿಲಡೆಲ್ಫಿಯಾಕ್ಕೆ ಕಳಿಸಿದರು, ಮನೆಯವರು ಮಣ್ಣು ಮಾಡಿದರು. 2014ರಲ್ಲಿ ಕಿಮ್ಮರ್ಲಿ ತಂಡ ಆ ಸಮಾಧಿಯನ್ನು ತೆರೆಯಿತು. ಪೆಟ್ಟಿಗೆಯೊಳಗೆ ಮರದ ಹಲಗೆಗಳಿದ್ದವು. ಹುಡುಗ ಇರಲಿಲ್ಲ. ಗುರುತಿಲ್ಲದ ಕುಣಿಗಳಲ್ಲಿ ಮಕ್ಕಳು, ಮನೆಯವರು ಅತ್ತು ಮುಚ್ಚಿದ ಗೋರಿಯಲ್ಲಿ ಹಲಗೆ.

ಕಿಮ್ಮರ್ಲಿಯವರ ಪುಸ್ತಕದ ಗದ್ಯ ಅಷ್ಟೇನೂ ಹೊಳೆಯುವುದಿಲ್ಲ. ಅನುಮತಿ ಪತ್ರಗಳ, ಸಭೆಗಳ ವಿವರ ಕೆಲವೊಮ್ಮೆ ಬೇಸರ ತರಿಸುತ್ತದೆ. ಒಬ್ಬ ಸಂಪಾದಕ ಕತ್ತರಿ ಹಾಕಬಹುದಿತ್ತು. ಆದರೂ ನನಗೆ ಹೆಚ್ಚು ಕಾಡಿದ್ದು ಈ ಪುಸ್ತಕ. ಕಾರಣ, ತನಗೆ ಏನು ಗೊತ್ತಿಲ್ಲ ಎಂಬುದನ್ನು ಇದು ಅಲಂಕಾರವಿಲ್ಲದೆ ಹೇಳುತ್ತದೆ. ಜಾರ್ಜ್ ಓವನ್ ಸ್ಮಿತ್ ಎಂಬ 14 ವರ್ಷದ ಹುಡುಗ 1940ರಲ್ಲಿ ಶಾಲೆಗೆ ಹೋದವನು. ಅವನ ತಾಯಿ ಪತ್ರ ಬರೆದಾಗ ಅವನು ಎಲ್ಲಿದ್ದಾನೋ ಗೊತ್ತಿಲ್ಲ ಎಂಬ ಉತ್ತರ ಬಂತು. ಆಮೇಲೆ ಒಂದು ಮನೆಯಡಿ ಸತ್ತು ಸಿಕ್ಕಿದ್ದಾನೆ ಎಂದರು. ಮನೆಯವರು ತಲುಪುವಷ್ಟರಲ್ಲಿ ಹೂತಾಗಿತ್ತು. 2014ರಲ್ಲಿ ಡಿಎನ್‌ಎಯಿಂದ ಮೊದಲು ಗುರುತು ಸಿಕ್ಕಿದ್ದು ಇವನದೇ. ಆಗ ಮುದುಕಿಯಾಗಿದ್ದ ತಂಗಿಗೆ ಅಣ್ಣನ ಮೂಳೆ ಸಿಕ್ಕಿತು. ಹೇಗೆ ಸತ್ತ ಎಂಬುದಕ್ಕೆ ಉತ್ತರ ಸಿಗಲಿಲ್ಲ. ಕಾದಂಬರಿಯಾಗಿದ್ದರೆ ಇಲ್ಲೊಂದು ಮುರಿದ ಮಣಿಕಟ್ಟು ಬೇಕಾಗುತ್ತಿತ್ತು. ಇಲ್ಲಿ ತಂಗಿ ಉತ್ತರವಿಲ್ಲದೆಯೇ ಅಣ್ಣನನ್ನು ಮನೆಗೆ ಕರೆದೊಯ್ಯುತ್ತಾಳೆ.

ಒಂದು ಕುಣಿಯಲ್ಲಿ ತಂಡಕ್ಕೆ ಗೋಲಿಯೊಂದು ಸಿಕ್ಕಿತು. ಮಕ್ಕಳು ಆಡುವ ಗೋಲಿ, ಬಟ್ಟೆ ಕರಗಿಹೋದ ಮೇಲೂ ಜೇಬು ಇದ್ದಿರಬಹುದಾದ ಕಡೆ ಉಳಿದಿತ್ತು. ರಾಡಾರಿಗೆ ಅದು ಕಂಡಿರಲಿಲ್ಲ, ಅಷ್ಟು ಸಣ್ಣದು ಕಾಣುವುದೂ ಇಲ್ಲ. ವರದಿಯಲ್ಲಿ ಅದು ಪಟ್ಟಿಯ ಒಂದು ವಸ್ತು.